ಹೆಂಗಸರ ಗಂಟೆ

ಇಂಗೋಲ್ಫ್ ನೋವ್ಕಾನ ಕಬ್ಬಿಣಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಗಣಿಯ ರೈಲುಹಳಿಯ ಮೂರು ಮಾರುದ್ದದ ತುಂಡು, ನೆಲ ಅಗೆಯುವ ಯಂತ್ರದ ಮೊಂಡಾದ ಹಲ್ಲುಗಳು, ಎರಡು ಎಣ್ಣೆ ಪೀಪಾಯಿ, ಹಾಲಿನ ಟ್ಯಾಂಕಿನ ಮುಚ್ಚಳ, ನೇಗಿಲಿನ ಗುಳಗಳು. ಸಹಕಾರಿ ಬೇಸಾಯದ ಕಾಲದಲ್ಲಿ ಟ್ರ್ಯಾಕ್ಟರು ನಿಲ್ಲಿಸುತ್ತಿದ್ದ ಆ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಅವನು ಅವನ್ನೇ ಬಡಿಯುತ್ತ ಬಂದಿದ್ದ. ಈ ಸಲ ಹೊಸ ಹಾಡುಗಳ ಕೆಲಸ ಶುರುವಾಗಿ ಐದು ವಾರವಾಗಿತ್ತು. ಆದರೂ ಅವುಗಳ ಮೇಲಿನ ಧೂಳು ಹಾಗೇ ಕೂತಿತ್ತು.

ತಂಡದ ಹೆಸರು ಆಬ್ರೌಮ್. ಕಲ್ಲಿದ್ದಲು ಸಿಗುವ ತನಕ ಗಣಿಯವರು ಕೆರೆದು ಆಚೆ ಸುರಿಯುವ ಮೇಲ್ಮಣ್ಣಿಗೆ ಆ ಸೀಮೆಯಲ್ಲಿ ಹೇಳುವ ಮಾತು ಅದು. ನಾಡನ್ನು ಸೀಳಿದ್ದ ಗೋಡೆ ಬಿದ್ದು ಎರಡು ದೇಶ ಒಂದಾದ ಮೇಲೆ, ಗಣಿಯ ವರ್ಕ್‌ಶಾಪಿನಿಂದ ಒಂದೇ ದಿನ ಕೆಲಸ ಕಳೆದುಕೊಂಡು ಬಂದ ಮೂವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಬೆಸುಗೆಯ ಇಂಗೋಲ್ಫ್, ವೈರಿಂಗಿನ ರೈಕ್, ಕಲ್ಲಿದ್ದಲು ಹರಿಯುವ ಪಟ್ಟಿಯನ್ನು ಕಾಯುತ್ತಿದ್ದ ಫಾಲ್ಕ್ ದೋಮಾಷ್ಕೆ. ರೈಕ್ ಗಿಟಾರನ್ನೂ ಯಂತ್ರದ ಸದ್ದುಗಳನ್ನೂ ನೋಡಿಕೊಂಡ. ಫಾಲ್ಕ್ ಅಬ್ಬರಿಸಿದ. ಅದನ್ನು ಹಾಡುವುದು ಎಂದು ಒಪ್ಪಿಕೊಳ್ಳುವುದಕ್ಕೆ ದ್ರೇನಿತ್ಸ್ ಊರಿನವರಿಗೆ ಹತ್ತು ವರ್ಷ ಹಿಡಿಯಿತು. ಇಂಗೋಲ್ಫ್ ಬಡಿದ. ಬರಿಮೈಯಲ್ಲಿ, ಚರ್ಮದ ಮುಂಗವಚ ಕಟ್ಟಿಕೊಂಡು, ಕಿಡಿ ಹಾರಿಸುತ್ತ, ಮೆಕ್ಸಿಕೋದವರೆಗೆ ಹೋಗಿ ಬಡಿದು ಬಂದ. ಬಂದ ಮಾರನೆಯ ದಿನ ಆಲೂಗೆಡ್ಡೆ ಕೀಳುವುದಿದ್ದರೆ ಕಿತ್ತ.

ಈಗ ಫಾಲ್ಕನಿಗೆ ಐವತ್ತೆಂಟು. ಚಳಿಗಾಲದಲ್ಲಿ ಅವನು ಒಂಬತ್ತು ಹಾಡು ಬರೆದುಕೊಂಡು ಬಂದಿದ್ದ. ಒಂದರಲ್ಲೂ ಅಬ್ಬರ ಇರಲಿಲ್ಲ. ಮೈಕಿಗೆ ತುಟಿ ತಾಗಿಸಿ, ಅಡುಗೆಮನೆಯಲ್ಲಿ ಎದುರಿಗೆ ಕೂತವರ ಹತ್ತಿರ ಹೇಳುವ ಹಾಗೆ ಹೇಳುತ್ತಿದ್ದ. ರೆಕಾರ್ಡಿಗೆ ಹಾಡು ಹಿಡಿಯುವುದಕ್ಕೆ ಲೈಪ್ಸಿಗ್ ನಗರದಿಂದ ಬಂದಿದ್ದ ರಿಕಾರ್ಡಾ ಎಂಬ ಹೆಂಗಸು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಇಂಗೋಲ್ಫ್ ಸುತ್ತಿಗೆ ಎತ್ತಿದರೆ ಕಣ್ಣು ತೆರೆಯುತ್ತಿದ್ದಳು.

"ನೀನು ಬಡಿದ ಕೂಡ್ಲೇ ಹಾಡು ಹತ್ತು ವರ್ಷ ಹಿಂದಕ್ಕೆ ಹೋಗಿಬಿಡತ್ತೆ ಇಂಗೋಲ್ಫ್," ಎಂದಳು ಒಂದು ದಿನ.

"ಬಡೀದೇ ಇದ್ರೆ ಇವನು ಹತ್ತು ವರ್ಷ ಮುಂದಕ್ಕೆ ಹೋಗಿಬಿಡ್ತಾನೆ," ಎಂದ ರೈಕ್. "ಸೀದಾ ಪಿಂಚಣಿಗೆ."

ಎಲ್ಲರೂ ನಕ್ಕರು. ಇಂಗೋಲ್ಫನೂ ನಕ್ಕ. ಮಧ್ಯಾಹ್ನ ಬೇಯಿಸಿದ ಆಲೂಗೆಡ್ಡೆ, ಗಟ್ಟಿ ಮೊಸರು, ಅಗಸೆ ಎಣ್ಣೆ ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತಾಗ ಫಾಲ್ಕ್ ಅವನ ಪಕ್ಕಕ್ಕೆ ಸರಿದ.

"ಎಂಟು ಹಾಡಲ್ಲಿ ನೀನಿಲ್ಲ. ಗೊತ್ತಲ್ಲ?"

"ಕಿವಿ ಇದೆಯಲ್ಲ ನನಗೂ."

"ಒಂಬತ್ತನೇದು ಅಮ್ಮಂದು. ಅದರಲ್ಲಿ ಕಬ್ಬಿಣ ಬೇಕು. ಆದ್ರೆ ಹಳೇ ಥರ ಅಲ್ಲ. ಒಂದೇ ಏಟು, ಆಮೇಲೆ ತುಂಬ ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಂದು. ಅದನ್ನ ನೀನು ಹುಡುಕು."

"ಹುಡುಕ್ದೆ, ಸಿಗ್ಲಿಲ್ಲ ಅಂದ್ರೆ?"

ಫಾಲ್ಕ್ ತಟ್ಟೆಯ ಎಣ್ಣೆಯಲ್ಲಿ ಆಲೂಗೆಡ್ಡೆ ಅದ್ದಿ ಅದ್ದಿ ತೆಗೆದ. "ಆಮೇಲೆ ಊರೂರು ತಿರುಗುವಾಗ ಲಾರೀಲಿ ಈ ಪೀಪಾಯಿ, ಹಳಿ ಎಲ್ಲಾ ಯಾಕೆ ಹೊತ್ಕೊಂಡು ಹೋಗ್ಬೇಕು ಅಂತ ಕೇಳ್ತಾರೆ ಕಣೋ. ನಾನು ಏನು ಹೇಳ್ಲಿ?"

ಇಂಗೋಲ್ಫನಿಗೆ ಅರ್ಥವಾಯಿತು. ಒಂಬತ್ತನೆಯದರಲ್ಲಿ ಸಿಕ್ಕರೆ ತಂಡದಲ್ಲಿ ಇರುತ್ತಾನೆ. ಇಲ್ಲದಿದ್ದರೆ ಇಲ್ಲ. ಅವನಿಗೆ ಹೆಂಡತಿ ಇರಲಿಲ್ಲ. ಬಿಟ್ಟು ಹೋಗಿ ಹದಿನೇಳು ವರ್ಷವಾಗಿತ್ತು. ಬೇರೆ ಕಸುಬನ್ನು ಕೈ ಮರೆತಿತ್ತು.

ಫಾಲ್ಕನ ತಾಯಿ ಹಂಕಾ ಮೂರು ವಾರದಿಂದ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಎಂಬತ್ತಮೂರು ವರ್ಷ. ಎದೆಯಲ್ಲಿ ನೀರು ತುಂಬುತ್ತಿತ್ತು, ತೆಗೆಯುತ್ತಿದ್ದರು, ಮತ್ತೆ ತುಂಬುತ್ತಿತ್ತು. ಫಾಲ್ಕ್ ದಿನ ಬಿಟ್ಟು ದಿನ ಹೋಗಿ ಬರುತ್ತಿದ್ದ. ತಂದೆ ಮತೆಸ್ ಹೋಗುತ್ತಿರಲಿಲ್ಲ. ಒಂದು ಸಲ ಹೋಗಿ, ಹಾಸಿಗೆಯ ಪಕ್ಕ ಟೋಪಿ ಹಿಡಿದುಕೊಂಡು ನಿಂತಿದ್ದು, "ಇಲ್ಲಿ ಇವಳು ಯಾರದೋ ಹೆಂಡ್ತಿ ಥರ ಕಾಣ್ತಾಳೆ" ಎಂದು ಹೇಳಿ ಬಂದುಬಿಟ್ಟಿದ್ದ. ಶೆಡ್ಡಿನಿಂದ ಎರಡು ಹೊಲ ದಾಟಿದರೆ, ಲಿಂಡೆನ್ ಮರಗಳ ಕೆಳಗೆ ಅವನ ಮನೆ. ಹಿತ್ತಲಲ್ಲಿ ಮೂರು ಜೇನುಪೆಟ್ಟಿಗೆ. ಜೂನ್ ತಿಂಗಳು, ಲಿಂಡೆನ್ ಹೂ ಬಿಟ್ಟಿತ್ತು. ಅಂಗಳ ದಾಟುವಾಗಲೇ ಹುಳಗಳ ಸದ್ದು ಕೇಳುತ್ತಿತ್ತು.

ಚರ್ಚಿನ ಒಂದು ಹಳೆಯ ಗಂಟೆ ಇಂಗೋಲ್ಫನ ಹತ್ತಿರ ಒಂಬತ್ತು ವರ್ಷದಿಂದ ಇತ್ತು. ದ್ರೇನಿತ್ಸ್ ಚರ್ಚಿನಲ್ಲಿ ಮೊದಲು ಇದ್ದವು ಕಂಚಿನ ಗಂಟೆಗಳು. ಮೊದಲ ಮಹಾಯುದ್ಧದಲ್ಲಿ ಕರಗಿಸಿ ತೋಪು ಎರೆಯಲೆಂದು ಅವನ್ನು ಕೊಟ್ಟ ಮೇಲೆ ಮೂರು ಉಕ್ಕಿನ ಗಂಟೆ ಬಂದವು. ಉಕ್ಕಿಗೆ ಕಂಚಿನ ಇಂಪಿಲ್ಲ. ಒರಟು ದನಿ, ಬೇಗ ಸಾಯುತ್ತದೆ. ಊರಿನವರು ಅವನ್ನು ಹಂಡೆಗಳು ಎಂದು ಕರೆಯುತ್ತಿದ್ದರು. ಆದರೂ ನೂರು ವರ್ಷ ಊರಿನ ಹೆಣಗಳೆಲ್ಲ ಅದೇ ಸದ್ದಿನಲ್ಲಿ ಹೋಗಿದ್ದವು. ಸತ್ತ ಮಾರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಹೊಡೆಯುವುದು. ಗಂಡಸು ಸತ್ತರೆ ದೊಡ್ಡದು, ಹೆಂಗಸು ಸತ್ತರೆ ನಡುವಿನದು, ಮಗುವಾದರೆ ಸಣ್ಣದು. ಹೊಲದಲ್ಲಿ ಬಾಗಿದವರು ಬೆನ್ನು ನೆಟ್ಟಗೆ ಮಾಡಿ ಕೇಳುತ್ತಿದ್ದರು. ಯಾವ ಗಂಟೆ ಎಂದು ತಿಳಿದರೆ ಯಾವ ಮನೆ ಎಂದು ತಿಳಿಯುತ್ತಿತ್ತು, ಯಾಕೆಂದರೆ ಯಾರು ಮಲಗಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಗೋಪುರದ ತೊಲೆಗಳು ಲಡ್ಡಾದ ಮೇಲೆ ಮೂರನ್ನೂ ಇಳಿಸಿ, ಕರೆಂಟಿನಲ್ಲಿ ಬಾರಿಸುವ ಒಂದು ಪುಟ್ಟ ಕಂಚಿನ ಗಂಟೆ ಹಾಕಿದರು. ಅದು ಗಂಡಸಿಗೂ ಹೆಂಗಸಿಗೂ ಮಧ್ಯಾಹ್ನದ ಊಟಕ್ಕೂ ಒಂದೇ. ದೊಡ್ಡ ಹಂಡೆಯನ್ನು ಸ್ಮಶಾನದ ಬಾಗಿಲಲ್ಲಿ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿ ಸುತ್ತ ಹೂ ನೆಟ್ಟರು. ಸಣ್ಣದು ಎಲ್ಲಿ ಹೋಯಿತೋ. ಅಂಚು ಚಕ್ಕೆ ಎದ್ದಿದ್ದ ನಡುವಿನದು ಯಾರಿಗೂ ಬೇಡವಾಗಿ ಪಾದ್ರಿಯ ಹಿತ್ತಲಲ್ಲಿ ಬಿದ್ದಿತ್ತು. ಇಂಗೋಲ್ಫ್ ಕೇಳಿ, ಟ್ರೇಲರಿನಲ್ಲಿ ತಂದುಕೊಂಡಿದ್ದ. ಯಾವತ್ತಾದರೂ ಬೇಕಾಗಬಹುದು ಎಂದು. ಆದರೆ ಬಡಿದಿರಲಿಲ್ಲ. ಅದರ ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದ.

ಗುರುವಾರ ಚೈನುರಾಟೆ ಹಾಕಿ ಅದನ್ನು ಶೆಡ್ಡಿನ ತೊಲೆಗೆ ನೇತುಹಾಕಿದ. ಒಳಗಿನ ನಾಲಿಗೆಗೆ ಹೊಸ ಹಗ್ಗ ಕಟ್ಟಿದ. ಶುಕ್ರವಾರ ಬೆಳಗ್ಗೆ ರಿಕಾರ್ಡಾ ಒಂದು ಏಟು ಕೇಳಿ ತೋಳು ಉಜ್ಜಿಕೊಂಡಳು.

"ಇದನ್ನ ಇಷ್ಟು ದಿನ ಎಲ್ಲಿಟ್ಟಿದ್ದೆ ಮಾರಾಯ?"

"ಗೋಣಿಚೀಲದ ಕೆಳಗೆ."

"ಗೋಡೆ ಒಳಗೆ ಈ ಸದ್ದು ಸಾಯತ್ತೆ. ಬಾಗಿಲು ಎರಡೂ ತೆಗಿ. ಒಂದು ಮೈಕು ಅಂಗಳದಲ್ಲಿಡ್ತೀನಿ. ಹೊಲದ ಮೇಲೆ ಹೋಗಿ ವಾಪಸ್ ಬರೋದು ಸಿಗ್ಬೇಕು ನನಗೆ."

ಬಾಗಿಲು ತೆಗೆದರು. ಫಾಲ್ಕನ ದನಿ ಮೊದಲೇ ಹಿಡಿದಿದ್ದಾಗಿತ್ತು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇಂಗೋಲ್ಫ್ ಹಗ್ಗ ಎಳೆಯಬೇಕು. ಎಳೆದ. ಬೇಗ ಆಯಿತು. ಮತ್ತೆ ಎಳೆದ. ಮತ್ತೆ ಬೇಗ. ಮೂವತ್ತೊಂದು ವರ್ಷ ಒಂದೇ ಉಸಿರಿಗೆ ಬಡಿದ ಕೈ, ಬಿಡುವು ಎಂದರೆ ಏನೆಂದು ಅದಕ್ಕೆ ಗೊತ್ತಿರಲಿಲ್ಲ.

"ಇನ್ನೂ ನಿಧಾನ," ರಿಕಾರ್ಡಾ ತನ್ನ ಯಂತ್ರಗಳ ಕೋಣೆಯ ಗಾಜಿನ ಆಚೆಯಿಂದ ಹೇಳಿದಳು.

"ಇನ್ನೂ."

"ಇವನಿಗೆ ಒಂದು ಕುರ್ಚಿ ಹಾಕಿ. ನಡುವೆ ಒಂದು ನಿದ್ದೆ ಮಾಡ್ಲಿ," ಎಂದ ರೈಕ್.

ಇಂಗೋಲ್ಫನ ಕತ್ತಿನಲ್ಲಿ ಬೆವರು ಇಳಿಯಿತು. ಕಿವಿಯಿಂದ ಫಾಲ್ಕನ ದನಿ ಕಿತ್ತು ಹಾಕಿ, ಕಣ್ಣು ಮುಚ್ಚಿ, ಹಗ್ಗ ಹಿಡಿದುಕೊಂಡು ಸುಮ್ಮನೆ ನಿಂತ. ಆಗ ಕೈಗೆ ನೆನಪಾಯಿತು. ಹದಿನಾಲ್ಕು ವರ್ಷದವನಾಗಿದ್ದಾಗ ಪಾದ್ರಿಯ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಹುಡುಗರು ಸರದಿಯ ಮೇಲೆ ಗೋಪುರ ಹತ್ತಬೇಕಿತ್ತು. ಮೂರು ಏಟು. ಆಮೇಲೆ ಕರ್ತನ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸುವಷ್ಟು ಬಿಡುವು. ಮತ್ತೆ ಮೂರು. ಮತ್ತೆ ಬಿಡುವು. ಮತ್ತೆ ಮೂರು. ಬೇಗ ಮುಗಿಸಿದರೆ ಕೆಳಗೆ ಮುದುಕ ಪಾದ್ರಿ ಕಿವಿ ಹಿಂಡುತ್ತಿದ್ದ. ಇಂಗೋಲ್ಫ್ ದೇವರನ್ನು ಬಿಟ್ಟು ನಲವತ್ತು ವರ್ಷವಾಗಿತ್ತು. ಪ್ರಾರ್ಥನೆ ಮಾತ್ರ ಒಂದು ಅಕ್ಷರ ತಪ್ಪದೆ ಬಂತು.

ಮೂರು ಏಟು ಹೊಡೆದ. ಪ್ರಾರ್ಥನೆ ಹೇಳಿಕೊಂಡ. ಮತ್ತೆ ಮೂರು.

ಮುಗಿದಾಗ ರಿಕಾರ್ಡಾ ಹೊರಗೆ ಬಂದು, "ಇದೇ. ಇದೇ ಕಣೋ. ಇನ್ನೆರಡು ಸಲ ಮಾಡು, ಹೀಗೇ," ಎಂದಳು. ಫಾಲ್ಕ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿದ. ಅವನ ಕಣ್ಣು ಕೆಂಪಾಗಿತ್ತು. "ಜಾಗ ಸಿಕ್ತು ನಿನಗೆ," ಎಂದ.

ಗಡಿಯಾರವನ್ನು ಯಾರೂ ನೋಡಿರಲಿಲ್ಲ. ಹನ್ನೊಂದು ಗಂಟೆಯಾಗಿತ್ತು.

ಇಂಗೋಲ್ಫ್ ಖುಷಿಯಲ್ಲಿದ್ದ. ಎರಡನೆಯ ಸಲ ಹೊಡೆದ. ನೀರು ಕುಡಿದು ಅರ್ಧ ಗಂಟೆ ಬೆಂಚಿನ ಮೇಲೆ ಸುಧಾರಿಸಿಕೊಂಡ. ಮೂರನೆಯ ಸಲ ಶುರು ಮಾಡಿದ. ಎರಡನೆಯ ಬಿಡುವಿನಲ್ಲಿ, ಪ್ರಾರ್ಥನೆಯ ನಡುವೆ, ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಕಣ್ಣು ತೆರೆದ.

ಮತೆಸ್ ನಿಂತಿದ್ದ. ಕರಿ ಕೋಟು, ಗುಂಡಿ ಒಂದು ಮನೆ ತಪ್ಪಿ ಹಾಕಿದ್ದು. ಕರಿ ಟೋಪಿ ಕೈಯಲ್ಲಿ. ಹೊಲ ಅಡ್ಡಹಾದು ಬಂದದ್ದಕ್ಕೆ ಷರಾಯಿಯ ಕಾಲು ಮೊಣಕಾಲ ತನಕ ಒದ್ದೆ. ಎಂಬತ್ತಾರು ವರ್ಷದ ಮುದುಕ ಏದುಸಿರು ಬಿಡುತ್ತ, ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಮಗನ ಮುಖ ನೋಡಿದ.

"ನನಗಿಂತ ಮುಂಚೆ ನಿಮಗೆ ಹೇಳ್ದೋರು ಯಾರು?" ಎಂದ.

ಯಾರಿಗೂ ಮೊದಲು ತಿಳಿಯಲಿಲ್ಲ. ಇಂಗೋಲ್ಫನಿಗೆ ತಿಳಿಯಿತು. ಅವನ ಕೈಯಲ್ಲಿ ಹಗ್ಗ ಇನ್ನೂ ಇತ್ತು.

"ಅಪ್ಪಾ, ಏನು ಹೇಳ್ತಿದೀಯ?"

"ಹೆಂಗಸರ ಗಂಟೆ. ಮೂರು ಸಲ ಹೊಡೆದ್ರಿ. ಮನೇಲಿ ನಾನೊಬ್ಬ ಇದೀನಿ. ನನಗೆ ಹೇಳ್ದೆ ಗಂಟೆಗೆ ಹೇಳಿದ್ದು ಯಾರು ಅಂತ ಕೇಳ್ತಿದೀನಿ."

"ಅಮ್ಮ ಚೆನ್ನಾಗಿದಾಳೆ ಅಪ್ಪಾ! ಇದು ಹಾಡಿಗೆ. ಹಾಡಿಗೆ ಹೊಡೆದಿದ್ದು!"

ಫಾಲ್ಕ್ ಆಸ್ಪತ್ರೆಗೆ ಫೋನು ಮಾಡಿದ. ಎರಡು ಸಲ ತಪ್ಪು ನಂಬರು ಒತ್ತಿದ. ನರ್ಸು ಎತ್ತಿದಳು. ದೋಮಾಷ್ಕೆ ಅಮ್ಮ ಬೆಳಗ್ಗೆ ಅರ್ಧ ಬನ್ನು ತಿಂದಿದ್ದಾರೆ, ಕಿಟಕಿ ಕಡೆ ತಿರುಗಿಸಿ ಮಲಗಿಸಿ ಅಂದರು, ಮಲಗಿಸಿದ್ದೀವಿ ಎಂದಳು. ಫಾಲ್ಕ್ ಫೋನಿನ ಸದ್ದು ಜೋರು ಮಾಡಿ ತಂದೆಯ ಕಿವಿಗೆ ಹಿಡಿದ. ಮತೆಸ್ ಎಲ್ಲ ಕೇಳಿಸಿಕೊಂಡ. ತಲೆಯಾಡಿಸಿದ. ಆಮೇಲೆ ಮೆಲ್ಲಗೆ,

"ಜೇನುಗಳಿಗೆ ಹೇಳಿಬಿಟ್ನಲ್ಲೋ," ಎಂದ.

ಮನೆಗೆ ಅವನನ್ನು ಬಿಟ್ಟು ಬಂದವನು ಇಂಗೋಲ್ಫ್. ಫಾಲ್ಕ್ ಆಸ್ಪತ್ರೆಗೆ ಓಡಿದ್ದ. ಹೊಲದ ಬದುವಿನ ಮೇಲೆ ಇಬ್ಬರೂ ನಡೆದರು. ಅಡುಗೆಮನೆಯಲ್ಲಿ ಗೋಡೆ ಗಡಿಯಾರ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನಿಂತಿತ್ತು, ಲೋಲಕವನ್ನು ದಾರದಿಂದ ಪಕ್ಕಕ್ಕೆ ಕಟ್ಟಿತ್ತು. ಜೀವ ಹೋಗಲೆಂದು ಕಿಟಕಿ ತೆರೆದಿತ್ತು. ಕನ್ನಡಿಗೆ ಟವೆಲು ಹೊದಿಸಿತ್ತು. ಸಾವಿನ ಮನೆಯಲ್ಲಿ ಮಾಡುವುದನ್ನೆಲ್ಲ ಕ್ರಮವಾಗಿ, ಏನೂ ಬಿಡದೆ ಮಾಡಿದ್ದ. ಹಿತ್ತಲಿಗೆ ಹೋಗಿ ಒಂದೊಂದು ಪೆಟ್ಟಿಗೆಗೂ ಬೆರಳಿನಿಂದ ಮೂರು ಸಲ ತಟ್ಟಿ, ನಿಮ್ಮ ಯಜಮಾನಿ ಹೋದಳು ಎಂದು ಹೇಳಿದ್ದ. ಹೇಳದಿದ್ದರೆ ಹುಳಗಳೂ ಸತ್ತು ಅವಳ ಹಿಂದೆ ಹೋಗುತ್ತವೆ ಎಂಬುದು ಊರಿನ ನಂಬಿಕೆ.

"ಮತೆಸ್ ಮಾವ, ಗಡಿಯಾರ ಬಿಚ್ಲಾ?"

"ಬೇಡ."

"ಅತ್ತೆ ಬದುಕಿದಾರಲ್ಲ ಮಾವ."

"ಇವತ್ತು ಬದುಕಿದಾಳೆ," ಎಂದು ಮುದುಕ ಕೋಟು ಬಿಚ್ಚತೊಡಗಿದ. ಗುಂಡಿ ತಪ್ಪಿ ಹಾಕಿದ್ದು ಆಗ ಕಂಡಿತು ಅವನಿಗೆ. ಬೆರಳಿನಿಂದ ಅದನ್ನು ಮುಟ್ಟಿ ನೋಡಿದ. "ಅರವತ್ತೊಂದು ವರ್ಷ ಇದನ್ನ ಅವಳೇ ಹಾಕ್ತಿದ್ಲು. ಗೋಪುರದ ಹತ್ರ ಹೋದೆ ಮೊದಲು. ಬೀಗ ಹಾಕಿತ್ತು. ಸದ್ದು ಹಿಡಿದು ಬಂದೆ. ನೀನೂ ಈ ಊರಿನವನೇ ಅಲ್ವೇನೋ ಇಂಗೋಲ್ಫ್? ಲೈಪ್ಸಿಗ್‌ನವಳಿಗೆ ಗೊತ್ತಾಗಲ್ಲ. ನಿನಗೂ ಗೊತ್ತಾಗ್ಲಿಲ್ವಾ?"

ಇಂಗೋಲ್ಫ್ ಬಂದ ದಾರಿಯಲ್ಲೇ ಶೆಡ್ಡಿಗೆ ಮರಳಿದ.

ಊರಿಗೆ ಸುದ್ದಿ ಹಬ್ಬಲು ಸಂಜೆಯಾಗುವುದು ಬೇಕಿರಲಿಲ್ಲ. ಶನಿವಾರ ಬ್ರೆಡ್ಡಿನ ವ್ಯಾನು ಬಂದು ಹಾರನ್ನು ಹೊಡೆದಾಗ ಸಾಲಿನಲ್ಲಿ ಎಂಟು ಹೆಂಗಸರಿದ್ದರು. ಇಂಗೋಲ್ಫ್ ಬಂದು ನಿಂತ ಕೂಡಲೇ ಮಾತು ನಿಂತಿತು. ಮುಂದೆ ನಿಂತಿದ್ದ ಕುಬಿಷ್ ಎಂಬ ಹೆಂಗಸು ಮಾತ್ರ ಚೀಲ ತೋಳಿಗೆ ಏರಿಸಿಕೊಂಡು ತಿರುಗಿದಳು.

"ಏನಪ್ಪಾ ಇಂಗೋಲ್ಫ್, ಇವತ್ತು ಯಾರ ಸರದಿ? ನನಗೂ ಎಪ್ಪತ್ತೊಂಬತ್ತಾಯ್ತು. ಮುಂಚೇನೇ ಹೇಳಿಬಿಡು, ತಲೆ ಬಾಚ್ಕೊಂಡಿರ್ತೀನಿ."

ಯಾರೂ ನಗಲಿಲ್ಲ. ಅವನು ನಾಲ್ಕು ಬನ್ನು ತೆಗೆದುಕೊಂಡು ಮನೆಗೆ ಹೋದ.

ಶೆಡ್ಡಿನಲ್ಲಿ ರಿಕಾರ್ಡಾ ಮೂರನೆಯ ಸಲದ್ದನ್ನು ಹಾಕಿ ಕೇಳಿಸಿದಳು. ಅಂಗಳದ ಮೈಕಿನಲ್ಲಿ ಎಲ್ಲವೂ ಬಂದಿತ್ತು. ಹೊಲದ ಮೇಲಿಂದ ಮರಳಿದ ಉಕ್ಕಿನ ದನಿ. ಒಂದು ಬಾನಾಡಿಯ ಕೂಗು. ಬರಬರುತ್ತ ಹತ್ತಿರವಾಗುವ ಹೆಜ್ಜೆ, ಮುದುಕನ ಏದುಸಿರು. ಆಮೇಲೆ ಆ ಪ್ರಶ್ನೆ. ಹಾಡು ಮುಗಿಯುವ ಜಾಗಕ್ಕೇ ಅದು ಬಂದು ಕೂತಿತ್ತು.

"ನೂರು ವರ್ಷ ಕೂತ್ರೂ ಇದನ್ನ ಯಾರೂ ಮಾಡೋಕಾಗಲ್ಲ," ಎಂದಳು ರಿಕಾರ್ಡಾ. "ನನಗೆ ಗೊತ್ತು ಇದು ಎಂಥದ್ದು ಅಂತ. ನಾನು ಕಟುಕಳಲ್ಲ. ಆದ್ರೆ ನೀವು ಐದು ವಾರದಿಂದ ಹುಡುಕ್ತಿದ್ದದ್ದು ಇದೇ."

ಫಾಲ್ಕ್ ಗೋಡೆಯ ಕಡೆ ಮುಖ ಮಾಡಿದ್ದ. "ಇಟ್ಟಿರು. ಅಮ್ಮ ಇನ್ನೂ ಇದಾಳೆ. ಆಮೇಲೆ ನೋಡೋಣ."

ಅದನ್ನು ಅಳಿಸು ಎಂದು ಹೇಳಬೇಕು ಎಂದು ಇಂಗೋಲ್ಫನಿಗೆ ಗೊತ್ತಿತ್ತು. ಬೇಡ, ಇರಲಿ ಎಂದು ಒಳಗೆ ಇನ್ನೊಂದು ದನಿ ಹೇಳುತ್ತಿದ್ದುದೂ ಗೊತ್ತಿತ್ತು. ಅವನು ಬಡಿದದ್ದರಲ್ಲೆಲ್ಲ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಅದು ಇದ್ದರೆ ಅವನಿದ್ದ. ಹತ್ತು ದಿನ ಅವನು ಶೆಡ್ಡಿಗೆ ಬಂದು, ಯಾರೂ ಇಲ್ಲದಾಗ ಅದನ್ನು ಹಾಕಿಕೊಂಡು ಕೇಳಿದ. ಪ್ರತಿ ಸಲವೂ ಮುದುಕನ ಪ್ರಶ್ನೆ ಬರುವ ಮೊದಲು ನಿಲ್ಲಿಸಿದ.

ಹನ್ನೊಂದನೆಯ ದಿನ ಹಂಕಾ ಸತ್ತಳು. ಮಧ್ಯಾಹ್ನ, ಮಗ ಕಾಫಿ ತರಲು ಕೆಳಗೆ ಹೋಗಿದ್ದಾಗ.

ಸಂಜೆ ಮತೆಸ್ ಇಂಗೋಲ್ಫನ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ನಾಳೆ ಹನ್ನೊಂದಕ್ಕೆ ಹೊಡೀಬೇಕು. ನೀನೇ ಹೊಡಿ. ಗೋಪುರದಲ್ಲಿರೋದು ಬರೀ ಬಾಗಿಲ ಗಂಟೆ. ಅವಳ ಅಮ್ಮ, ಅಜ್ಜಿ ಎಲ್ಲಾ ಹಂಡೇಲೇ ಹೋಗಿದ್ದು."

"ಮಾವ, ನನ್ನ ಕೈಲಿ..."

"ನಿನ್ನ ಕೈಲೇ. ಹೋದ ಸಲ ಸರಿಯಾಗೇ ಹೊಡೆದೆಯಲ್ಲ. ದಿನ ಮಾತ್ರ ತಪ್ಪಿತ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಂಗೋಲ್ಫನಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತೇನೋ.

ಬೆಳಗ್ಗೆ ಹತ್ತಕ್ಕೆ ಶೆಡ್ಡಿಗೆ ಹೋದರೆ ರಿಕಾರ್ಡಾ ಮೈಕುಗಳನ್ನು ನಿಲ್ಲಿಸುತ್ತಿದ್ದಳು. ಫಾಲ್ಕ್ ಕರಿ ಕೋಟಿನಲ್ಲಿ ಪೀಪಾಯಿಯ ಮೇಲೆ ಕೂತಿದ್ದ.

"ಇದೇನು?"

"ನಾನೇ ಹೇಳಿದ್ದು," ಎಂದ ಫಾಲ್ಕ್. "ಅಪ್ಪನ ದನಿ ಇರೋದು ಬೇಡ ಅಂದ್ರೆ ಬೇಡ. ಇವತ್ತಿಂದು ಹಿಡಿಯೋಣ. ಇದು ನಿಜವಾದ್ದು. ಯಾರಿಗೂ ಮೋಸ ಇಲ್ಲ."

ಇಂಗೋಲ್ಫ್ ಅಂಗಳದ ಮೈಕಿನ ಹತ್ತಿರ ಹೋಗಿ ಅದರ ವೈರು ಕಿತ್ತ. ಒಳಗೆ ಬಂದು ಇನ್ನೊಂದನ್ನು ಕಿತ್ತ.

"ಏಯ್! ಏನು ಮಾಡ್ತಿದೀಯ? ನನ್ನ ಅಮ್ಮ ಸತ್ತಿರೋದು ಕಣೋ, ನಿನ್ನ ಅಮ್ಮ ಅಲ್ಲ!" ಫಾಲ್ಕ್ ಎದ್ದು ನಿಂತ. ಹಳೆಯ ಅಬ್ಬರ ಒಂದು ಕ್ಷಣ ಮರಳಿ ಬಂತು, ತಗಡಿನ ಚಾವಣಿ ಗುಂಯ್ ಎಂದಿತು. "ಮೂವತ್ತು ವರ್ಷ ಕಂಡೋರ ಸಾವಿಗೆ ಕೂಗ್ದೆ. ನನ್ನದೇ ಮನೇದು ಬಂದಾಗ ಒಂದು ಗಂಟೆ ಬೇಡ್ವಾ ನನಗೆ?"

"ಗಂಟೆ ಇದೆ. ಹೊಡೀತೀನಿ. ನಿನಗೇ ಹೊಡೀತೀನಿ."

"ಮತ್ತೆ ಹಿಡಿದ್ರೆ ಏನು?"

ಇಂಗೋಲ್ಫ್ ವೈರನ್ನು ಮೊಣಕೈಗೆ ಸುತ್ತತೊಡಗಿದ.

"ಹೋದ ಸಲ ತಪ್ಪಾಯ್ತು ಅಂತ ಮಾವನ ಎದುರು ನಿಂತಿದೀನಿ ನಾನು. ಇವತ್ತೂ ಹಾಡಿಗೇ ಹಿಡಿದ್ರೆ, ಅವತ್ತಿಂದು ತಪ್ಪು ಅಂತ ಹೇಳೋಕೆ ನನಗೆ ಬಾಯಿರಲ್ಲ."

"ಸರಿ. ಆಮೇಲೆ ರೆಕಾರ್ಡಲ್ಲಿ ನೀನು ಏನು ಬಾರಿಸ್ತೀಯ?"

"ಏನೂ ಇಲ್ಲ."

"ಅದರ ಅರ್ಥ ಗೊತ್ತಾ ನಿನಗೆ?"

"ನೀನೇ ಹೇಳಿದ್ದೆಯಲ್ಲ. ಲಾರೀದು."

ರಿಕಾರ್ಡಾ ಇಬ್ಬರನ್ನೂ ನೋಡಿದಳು. ಆಮೇಲೆ ಉಳಿದ ಮೈಕುಗಳನ್ನು ತಾನೇ ಬಿಚ್ಚಿ, ಕಾರಿನಲ್ಲಿಟ್ಟು, ಹೊರಗೆ ರಸ್ತೆಯ ಬದಿಯಲ್ಲಿ ಹೋಗಿ ನಿಂತಳು.

ಹನ್ನೊಂದಕ್ಕೆ ಇಂಗೋಲ್ಫ್ ಹಗ್ಗ ಹಿಡಿದ. ಮತೆಸ್ ಬಾಗಿಲಲ್ಲಿ ನಿಂತಿದ್ದ. ಕೋಟಿನ ಗುಂಡಿಗಳು ಈ ಸಲ ಸರಿಯಿದ್ದವು. ಕುಬಿಷ್ ಬಂದು ಹಾಕಿಕೊಟ್ಟಿದ್ದಳು. ಅವಳೂ ಇನ್ನು ಏಳೆಂಟು ಜನರೂ ಅಂಗಳದಲ್ಲಿದ್ದರು. ಮೂರು ಏಟು. ಪ್ರಾರ್ಥನೆ. ಅವನು ಒಳಗೇ ಹೇಳಿಕೊಳ್ಳುತ್ತಿದ್ದರೆ ಹೊರಗೆ ಹೆಂಗಸರ ತುಟಿಗಳು ಅಲುಗುತ್ತಿದ್ದವು, ಎಲ್ಲರೂ ಒಟ್ಟಿಗೆ ಆಮೆನ್‌ಗೆ ಬಂದು ನಿಂತರು, ಅವನ ಕೈ ಇಳಿಯಿತು. ಮೂರು ಏಟು. ಹೋದ ಸಲಕ್ಕಿಂತ ಚೆನ್ನಾಗಿ ಬಂತು. ಚೆನ್ನಾಗಿ ಬಂತು ಎಂದು ಲೆಕ್ಕ ಹಾಕುವ ಕಿವಿಯನ್ನು ಸುಮ್ಮನಿರಿಸಲು ಅವನಿಗೆ ಆಗಲಿಲ್ಲ.

ಕೊನೆಯ ಏಟು ಹೊಲದಾಚೆ ಹೋಗಿ ಸತ್ತ ಮೇಲೆ ಮತೆಸ್ ಮಗನ ಕಡೆ ತಿರುಗಿದ.

"ಜೇನುಗಳಿಗೆ ನೀನು ಹೋಗಿ ಹೇಳು."

"ಹೇಳಿದೀಯಲ್ಲ ಅಪ್ಪಾ."

"ಒಂದ್ಸಲ ಸುಳ್ಳು ಹೇಳಿದೀನಿ. ನನ್ನ ಮಾತು ಇನ್ನು ಅವು ಕೇಳಲ್ಲ. ನೀನು ಹೋಗು. ಕೂಗ್ಬೇಡ. ಮೆಲ್ಲಗೆ ಹೇಳು."

ಫಾಲ್ಕ್ ಹೋದ. ಇಂಗೋಲ್ಫ್ ಬೇಲಿಯ ತನಕ ಹಿಂದೆ ಹೋಗಿ ನಿಂತ. ಇಪ್ಪತ್ತು ಸಾವಿರ ಜನರ ಎದುರು ಎದೆ ಉಬ್ಬಿಸಿ ನಿಂತವನು ಮೂರು ಮರದ ಪೆಟ್ಟಿಗೆಗಳ ಎದುರು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಬಗ್ಗಿದ. ಬೆರಳಿನಿಂದ ತಟ್ಟಿದ. ಅವನು ಏನು ಹೇಳಿದನೋ ಬೇಲಿಯವರೆಗೆ ಕೇಳಿಸಲಿಲ್ಲ. ಹುಳಗಳು ಅವನ ಕರಿ ತೋಳಿನ ಮೇಲೆ ಹರಿದಾಡಿದವು, ಅವನು ಕೊಡವಲಿಲ್ಲ. ಮೂರನೆಯ ಪೆಟ್ಟಿಗೆಯ ಹತ್ತಿರ ಅವನು ಮಂಡಿಯೂರಿದ.

ಮರಳಿ ಬಂದು ನೇರ ರಸ್ತೆಗೆ ಹೋಗಿ ರಿಕಾರ್ಡಾಳ ಕಾರಿನ ಬಾಗಿಲಲ್ಲಿ ನಿಂತ. "ಅಪ್ಪನ ದನಿ ಇರೋದನ್ನ ಅಳಿಸು. ಮೂರನ್ನೂ ಅಳಿಸು," ಎಂದ. ಇಂಗೋಲ್ಫನ ಕಡೆ ನೋಡಲಿಲ್ಲ. ಮಣ್ಣು ಮಾಡಿದ ದಿನ ಸ್ಮಶಾನದಿಂದ ಬಂದು ಸಕ್ಕರೆಪುಡಿಯ ಕೇಕು, ಕಾಫಿಗೆ ಎಲ್ಲರೂ ಕೂತಾಗಲೂ ಮೇಜಿನ ಆ ಕೊನೆಯಲ್ಲೇ ಕೂತ.

ಫೆಬ್ರವರಿಯಲ್ಲಿ ರೆಕಾರ್ಡು ಬಂತು. ಇಂಗೋಲ್ಫನಿಗೆ ಒಂದು ಪ್ರತಿ ಅಂಚೆಯಲ್ಲಿ ಬಂತು, ಜೊತೆಗೆ ಕಾಗದವಿರಲಿಲ್ಲ. ಹೊದಿಕೆಯ ಒಳಗೆ ತಂಡದವರ ಹೆಸರಿನಲ್ಲಿ ಇಬ್ಬರೇ ಇದ್ದರು. ಅವನ ಹೆಸರು ಕೆಳಗೆ, ಕೃತಜ್ಞತೆಯಲ್ಲಿ, ಬಾಡಿಗೆ ಲಾರಿಯವನ ಮೇಲೆ. ರೈಕ್ ಒಂದು ಪತ್ರಿಕೆಯ ಪುಟವನ್ನು ಫೋನಿಗೆ ಕಳಿಸಿದ್ದ. ಆಬ್ರೌಮ್ ಕೊನೆಗೂ ಪ್ರೌಢವಾಗಿದೆ, ಎಂದು ಬರೆದಿದ್ದರು. ಸುತ್ತಿಗೆಯ ಗದ್ದಲ ಬಿಟ್ಟು ಮೌನದ ಬೆಲೆ ಕಲಿತಿದೆ, ಮುಖ್ಯವಾಗಿ ಕೊನೆಯ ಹಾಡಿನಲ್ಲಿ. ಕೆಳಗೆ ರೈಕ್ ತಾನೇ ಸೇರಿಸಿದ್ದ: "ನೋಡೋ, ನೀನು ಬಾರಿಸದೇ ಇದ್ದದ್ದಕ್ಕೆ ಎಷ್ಟು ಹೊಗಳಿದಾರೆ."

ಶೆಡ್ಡಿನಲ್ಲಿ ಒಲೆ ಹಚ್ಚಿ, ಕೂತು, ಕೊನೆಯ ಹಾಡನ್ನು ಮಾತ್ರ ಕೇಳಿದ. ಫಾಲ್ಕ್ ಅದನ್ನು ಹೊಸದಾಗಿ ಹಾಡಿದ್ದ. ಬೇಲಿಯ ತನಕ ಕೇಳಿಸದಿದ್ದ ದನಿ ಅದು ಎಂದು ಇಂಗೋಲ್ಫನಿಗೆ ತಿಳಿಯಿತು. ಮೂರು ಸಾಲು. ಆಮೇಲೆ ಏನೂ ಇಲ್ಲ, ಒಂದು ಉಸಿರು ಬಿಟ್ಟರೆ. ಬಿಡುವು ಎಷ್ಟು ಉದ್ದವಿತ್ತೆಂದರೆ ರೆಕಾರ್ಡು ಕೆಟ್ಟಿತೇನೋ ಎನ್ನಿಸಬೇಕು. ಇಂಗೋಲ್ಫ್ ತನಗೇ ಅರಿವಿಲ್ಲದೆ ಪ್ರಾರ್ಥನೆ ಶುರು ಮಾಡಿದ್ದ. ಆಮೆನ್‌ಗೆ ಬಂದಾಗ ಮುಂದಿನ ಸಾಲು ಬಂತು. ತೊಡೆಯ ಮೇಲೆ ಅವನ ಕೈ ಇಳಿಯಿತು.

ಎರಡನೆಯ ಸಲ ಕೇಳಲಿಲ್ಲ.

ಮಾರ್ಚಿನಲ್ಲಿ ಬ್ರೆಡ್ಡಿನ ವ್ಯಾನಿನ ಹತ್ತಿರ ಮತೆಸ್ ಸಿಕ್ಕಿದ. ಚಳಿಗಾಲ ಅವನನ್ನು ಅರ್ಧ ಮಾಡಿತ್ತು. ಕೋಲು ಹಿಡಿದಿದ್ದ.

"ಜೇನು ಹೇಗಿದೆ ಮಾವ?"

"ಎರಡು ಖಾಲಿ. ಮುಚ್ಚಳ ತೆಗೆದ್ರೆ ಕೆಳಗೆಲ್ಲಾ ಸತ್ತು ಬಿದ್ದಿದ್ವು. ಮೂರನೇದು ಇದೆ." ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು ಹೊರಟವನು ನಿಂತ. "ಆ ಗಂಟೆ ಹೆಂಗಸರದ್ದು ಕಣೋ. ನನಗೆ ಅದನ್ನ ಹೊಡೆದೀಯ ಮತ್ತೆ. ನನಗೆ ದೊಡ್ಡದು."

"ದೊಡ್ಡದು ಸ್ಮಶಾನದ ಬಾಗಿಲಲ್ಲಿದೆಯಲ್ಲ ಮಾವ. ಕಾಂಕ್ರೀಟಲ್ಲಿ."

"ಗೊತ್ತು. ಅದಕ್ಕೇ ಈಗ್ಲೇ ಹೇಳಿದ್ದು."

ಮಧ್ಯಾಹ್ನ ಇಂಗೋಲ್ಫ್ ಅಳತೆಯ ಟೇಪು, ಉಳಿ, ಸುತ್ತಿಗೆ ತೆಗೆದುಕೊಂಡು ಸ್ಮಶಾನದ ಬಾಗಿಲಿಗೆ ಹೋದ. ಹೋದ ವರ್ಷದ ಹೂಗಿಡಗಳು ಒಣಗಿ ಕಟ್ಟೆಗೆ ಅಂಟಿದ್ದವು. ಅವನ್ನು ಕಿತ್ತು ಪಕ್ಕಕ್ಕಿಟ್ಟ. ಗಂಟೆಯ ಅಂಚು ನಾಲ್ಕು ಬೆರಳಿನಷ್ಟು ಕಾಂಕ್ರೀಟಿನೊಳಗೆ ಹೂತಿತ್ತು. ಬಾಯಿಯ ಅಗಲ ಅಳೆದ, ಎತ್ತರ ಅಳೆದ, ಮನಸ್ಸಿನಲ್ಲೇ ತೂಕ ಹಾಕಿದ. ಶೆಡ್ಡಿನ ತೊಲೆ ಅದನ್ನು ತಾಳುವುದಿಲ್ಲ, ಕೆಳಗೆ ಎರಡು ಕಂಬ ಕೊಡಬೇಕು. ಗಣಿಯ ರೈಲುಹಳಿ ಇದೆ. ಅದನ್ನು ಕತ್ತರಿಸಿದರೆ ಸರಿಯಾಗಿ ಎರಡು ಕಂಬವಾಗುತ್ತದೆ. ಉಳಿ ಇಟ್ಟು ಕಾಂಕ್ರೀಟಿಗೆ ಮೊದಲ ಪೆಟ್ಟು ಹಾಕುವ ಮುಂಚೆ ಗಂಟೆಯ ಸುತ್ತ ತನ್ನ ಕೋಟು ಬಿಚ್ಚಿ ಬಿಗಿಯಾಗಿ ಸುತ್ತಿದ. ಸದ್ದು ಊರಿಗೆ ಕೇಳಿಸಬಾರದು.